ಕಮ್ಮಿ ಓಡಿದ ಗಾಡಿ ಅಂದ್ರೆ ಹೊಸ ಗಾಡಿ ಅಲ್ಲ

ಹಳೇ ಬೈಕ್ ಮಾರೋರ ಬಾಯಲ್ಲಿ ಮೊದಲು ಬರೋ ಮಾತು ಒಂದೇ: ‘ಗಾಡಿ ಓಡೇ ಇಲ್ಲ ಕಣಣ್ಣ, ಬೇಕಾದ್ರೆ ಮೀಟರ್ ನೋಡಿ.’ ನಾವೂ ಮೀಟರ್ ನೋಡಿ ಕುಣಿದವರೇ. ನಮಗೆ ಯಾರೂ ಮೋಸ ಮಾಡಲಿಲ್ಲ, ನಮ್ಮ ಆಸೆಯೇ ಮೋಸ ಮಾಡಿತು. ಆ ಕಥೆ ಹೇಳಿದರೆ ನಿಮ್ಮಲ್ಲಿ ಒಬ್ಬರಿಗಾದರೂ ದುಡ್ಡು ಉಳಿದೀತು, ಬಹುಶಃ ಜೀವವೂ ಉಳಿದೀತು ಅಂತ ಬರೆಯುತ್ತಿದ್ದೇವೆ.

ನಾವು ಮೂವರು ಬೆಂಗಳೂರಿನ ದೀಪಾಂಜಲಿ ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ನಮ್ಮಲ್ಲೊಬ್ಬನ ಸೋದರಮಾವನ ಮನೆ ಎರಡು ಬೀದಿ ಆಚೆ. ಅವರ ಮನೆ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಒಂದು ಯೆಜ್ಡಿ ರೋಡ್‌ಕಿಂಗ್ ನಿಂತಿತ್ತು. ಮಾವ 1994ರಲ್ಲಿ ಹೊಸದಾಗಿ ತಗೊಂಡದ್ದು. 2003ರಲ್ಲಿ ಕಾಲಿಗೆ ಪೆಟ್ಟಾದ ಮೇಲೆ ಮುಟ್ಟಿರಲಿಲ್ಲ. ಮೀಟರ್‌ನಲ್ಲಿ 14 ಸಾವಿರ ಕಿಲೋಮೀಟರ್ ಚಿಲ್ಲರೆ.

‘ಗುಜರಿಯವನು ಮೂರು ಸಲ ಬಂದು ಕೇಳ್ದ. ಕೊಡಕ್ಕೆ ಮನಸ್ಸು ಬರ್ಲಿಲ್ಲ. ನೀವು ಓಡಿಸ್ತೀವಿ ಅಂದ್ರೆ ತಗೊಂಡ್ಹೋಗ್ರಪ್ಪ. ಆದ್ರೆ ಒಂದ್ಸಲ ನನ್ನ ಹಿಂದೆ ಕೂರಿಸ್ಕೊಂಡು ಮೈಸೂರಿಗೆ ಕರ್ಕೊಂಡ್ಹೋಗ್ಬೇಕು’ ಅಂದರು ಮಾವ.

ಮೈಸೂರೇ ಯಾಕೆ ಅಂದರೆ ಆ ಗಾಡಿ ಹುಟ್ಟಿದ ಊರು ಅದು. 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ ಅಂತ ಹೆಸರು ಹೊತ್ತ ಗಾಡಿಗಳು ಅಲ್ಲಿಂದ ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಲ್ಲಿ ಮತ್ತೆ ಗಾಡಿಗಳು ಬಂದವು, ನಿಜ. ಆದರೆ ಅವು ಬೇರೆಯೇ ಎಂಜಿನ್. ಆ ಎಂಜಿನ್ ಸಾಮಾನು ಹಳೇ ಗಾಡಿಗೆ ಕೂರುವುದಿಲ್ಲ.

ಗಾಡಿ ಕೈಗೆ ಬಂದ ತಕ್ಷಣ ನಾವು ಮಾಡಿದ ಮೊದಲ ಕೆಲಸ ಪೇಂಟ್. ಅದೇ ಮೊದಲ ತಪ್ಪು. ಕಪ್ಪು ಗಾಡಿಗೆ ಕೆಂಪು ಬಣ್ಣ ಹೊಡೆಸಿ 9 ಸಾವಿರ ರೂಪಾಯಿ ಕೊಟ್ಟೆವು. ಆರ್.ಸಿ.ಯಲ್ಲಿ ಬಣ್ಣ ಕಪ್ಪು ಅಂತ ಇದೆ ಅನ್ನುವುದು ನೆನಪಾದದ್ದು ಆಮೇಲೆ. ಬಣ್ಣ ಬದಲಾದರೆ ಆರ್.ಸಿ.ಯಲ್ಲೂ ಬದಲಾಗಬೇಕು. ಕಾರ್ಖಾನೆಯಲ್ಲಿ ಎಳೆದಿದ್ದ ಗೆರೆಗಳೂ ಹೋದವು. ಮಾವ ನೋಡಿ ಏನೂ ಅನ್ನಲಿಲ್ಲ. ಆ ಮೌನ ನಮಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಎರಡನೇ ತಪ್ಪು ದೊಡ್ಡದು. ಕಾರ್ಬೊರೇಟರ್ ತೊಳೆದು, ಹೊಸ ಪ್ಲಗ್ ಹಾಕಿ, ಪೆಟ್ರೋಲ್‌ಗೆ ಟೂ-ಟಿ ಆಯಿಲ್ ಬೆರೆಸಿ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗೇಬಿಟ್ಟಿತು! ‘ಕಮ್ಮಿ ಓಡಿರೋ ಎಂಜಿನ್ ಅಲ್ವಾ, ಬಿಚ್ಚೋದ್ಯಾಕೆ’ ಅಂದುಕೊಂಡೆವು. ಮೂರನೇ ದಿನ ನಾಯಂಡಹಳ್ಳಿ ಹತ್ತಿರ ಎಂಜಿನ್ ಸೀಜ್ ಆಯಿತು. ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರಿತು, ಬೆನ್ನ ಹಿಂದೆ ಲಾರಿ. ಕೈ ತಾನಾಗಿ ಕ್ಲಚ್ ಹಿಡಿದದ್ದಕ್ಕೆ ಚಕ್ರ ಬಿಟ್ಟುಕೊಂಡಿತು, ಪಕ್ಕಕ್ಕೆ ಬಂದು ನಿಂತೆವು. ಆರ್.ಸಿ. ಅವಧಿ ಮುಗಿದ ಗಾಡಿಯನ್ನು ರಸ್ತೆಗೆ ಇಳಿಸಿದ್ದೂ ತಪ್ಪೇ, ಒಪ್ಪಿಕೊಳ್ಳುತ್ತೇವೆ.

ಎಂಜಿನ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಒಂದು ರಬ್ಬರ್ ಸೀಲ್ ತೆಗೆದು ಕೈಗೆ ಕೊಟ್ಟರು. ಒಣಗಿದ ಕೋಡುಬಳೆ ಥರ ಗಟ್ಟಿ. ‘ಓಡ್ದೆ ಸತ್ತಿರೋದು ಇದು. ಓಡಿಸ್ತಾ ಇದ್ದಿದ್ರೆ ಇನ್ನೂ ನಾಲ್ಕು ವರ್ಷ ಬಾಳ್ತಿತ್ತು’ ಅಂದರು.

ನಾವು ಹೇಳಬೇಕು ಅಂತಿರುವುದೂ ಇದನ್ನೇ. ಗಾಡಿ ಓಡಿದರೆ ಕಬ್ಬಿಣ ಸವೆಯುತ್ತದೆ. ನಿಂತರೆ ರಬ್ಬರ್, ಗ್ರೀಸ್, ವೈರ್, ಟ್ಯಾಂಕ್ ಎಲ್ಲ ಒಟ್ಟಿಗೆ ಹಾಳಾಗುತ್ತವೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ಆಯಿಲ್ ಸೀಲ್ ಗಟ್ಟಿಯಾದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್, ಅದರ ಜೊತೆ ಬರುವ ಆಯಿಲ್, ಎರಡರ ಪ್ರಮಾಣವೂ ಕಮ್ಮಿಯಾಗಿ ಪಿಸ್ಟನ್ ಕಾದು ಬೋರ್‌ಗೆ ಕಚ್ಚಿಕೊಳ್ಳುತ್ತದೆ. ನಮಗೆ ಆದದ್ದು ಅದೇ.

ಇನ್ನೊಂದು ಮಾತು. ಮೀಟರ್ ಸುಳ್ಳು ಹೇಳುತ್ತದೆ. ಕೇಬಲ್ ತುಂಡಾಗಿ ವರ್ಷಗಟ್ಟಲೆ ಓಡಿದ ಗಾಡಿಗಳಿಗೆ ಲೆಕ್ಕವಿಲ್ಲ. ಹಾಗಾಗಿ ಬ್ರೇಕ್ ಪೆಡಲ್, ಫುಟ್‌ರೆಸ್ಟ್ ರಬ್ಬರ್, ಕೀ ತೂತು ನೋಡಿ. ಅವು ಸವೆದು ನುಣ್ಣಗಾಗಿದ್ದು ಮೀಟರ್ ಮಾತ್ರ 14 ಸಾವಿರ ಅಂದರೆ ನಂಬಬೇಡಿ.

ನಿಮ್ಮ ಕೊಟ್ಟಿಗೆಯಲ್ಲೋ ಪಂಪ್‌ಹೌಸ್‌ನಲ್ಲೋ ಇಂಥ ಗಾಡಿ ಇದ್ದು, ರಿಪೇರಿ ಮಾಡುವ ಮನಸ್ಸಿದ್ದರೆ, ನಮ್ಮ ಪ್ರಕಾರ ಕ್ರಮ ಹೀಗಿರಲಿ.

ಮೊದಲು ಕಾಗದ. ಖಾಸಗಿ ಬೈಕ್‌ನ ಆರ್.ಸಿ. 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್.ಟಿ.ಒ. ತಪಾಸಣೆ ಆಗಿ 5 ವರ್ಷಕ್ಕೊಮ್ಮೆ ನವೀಕರಣ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆರ್.ಸಿ. ಸ್ಥಿತಿ ಗೊತ್ತಾಗುತ್ತದೆ. ಎಂಜಿನ್ ನಂಬರ್, ಚಾಸಿ ನಂಬರ್ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಕಾಗದ ಇಲ್ಲದ ಗಾಡಿಗೆ ಎಷ್ಟು ಸುರಿದರೂ ಅದು ರಸ್ತೆ ಕಾಣುವುದಿಲ್ಲ.

ಎರಡನೆಯದು ನಿಲ್ಲಿಸುವ ಸಾಮಾನು. ಗಾಡಿ ಓಡುವುದಕ್ಕಿಂತ ಮುಂಚೆ ನಿಲ್ಲಬೇಕು. ಬ್ರೇಕ್ ಶೂ, ಕೇಬಲ್, ಟೈರ್ ಹೊಸದು ಹಾಕಿ. ಟೈರ್‌ನ ಬಟನ್ ಚೆನ್ನಾಗಿದೆ ಅಂತ ನಂಬಬೇಡಿ. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2219 ಅಂದರೆ 2019ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್, ಮುಟ್ಟಲೇಬೇಡಿ.

ಮೂರನೆಯದು ಟ್ಯಾಂಕ್. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ, ತುಕ್ಕು ತೆಗೆಸಿ. ಖಾಲಿ ಟ್ಯಾಂಕ್ ತಾನೇ ಅಂತ ವೆಲ್ಡಿಂಗ್‌ಗೆ ಕೊಡಬೇಡಿ. ಒಳಗೆ ಉಳಿದ ಪೆಟ್ರೋಲ್ ಆವಿಯೇ ಸಿಡಿಯಲು ಸಾಕು. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ವಾಷರ್ ಬದಲಾಯಿಸಿ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ.

ನಾಲ್ಕನೆಯದು ಎಂಜಿನ್. ವರ್ಷಗಟ್ಟಲೆ ನಿಂತ ಗಾಡಿಗೆ ಬಂದ ಕೂಡಲೇ ಕಿಕ್ ಬೇಡ. ಪ್ಲಗ್ ಬಿಚ್ಚಿ, ಆ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟು ಕೈಯಲ್ಲಿ ನಿಧಾನ ತಿರುಗಿಸಿ. ಟೂ-ಸ್ಟ್ರೋಕ್ ಆದರೆ ಕ್ರ್ಯಾಂಕ್ ಸೀಲ್ ಹಾಕಿಸದೆ ರಸ್ತೆಗೆ ಹೋಗಬೇಡಿ. ಓಡುವಾಗ ಎಂಜಿನ್ ಬಿಗಿಯಾದ ಹಾಗೆ ಅನಿಸಿದ ಕ್ಷಣ ಕ್ಲಚ್ ಹಿಡಿಯಿರಿ. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಹಳೇ ಸಾಮಾನು ಎಸೆಯಬೇಡಿ. ಹೊಸದಾಗಿ ಸಿಗುವ ನಕಲಿಗಿಂತ ತುಕ್ಕು ಹಿಡಿದ ಅಸಲಿ ಸಾಮಾನು ಎಷ್ಟೋ ಸಲ ಮೇಲು.

ಪೇಂಟ್ ಕಟ್ಟಕಡೆಗೆ. ಗೀರು ಇದ್ದರೆ ಇರಲಿ ಬಿಡಿ.

‘ಇಷ್ಟೆಲ್ಲ ತಾಪತ್ರಯ ಯಾಕೆ, ಇಎಂಐ ಕಟ್ಟಿ ಹೊಸದು ತಗೋಬಹುದಲ್ಲ’ ಅಂತ ಕೇಳುತ್ತೀರಿ. ದಿನಾ ಹಾಲು ಹಾಕಲು, ಕೆಲಸಕ್ಕೆ ಹೋಗಲು ಒಂದೇ ಗಾಡಿ ಬೇಕು ಅನ್ನುವವರಿಗೆ ನಾವೂ ಹೊಸದೇ ತಗೊಳ್ಳಿ ಅನ್ನುತ್ತೇವೆ. ಹಳೇ ಗಾಡಿ ಲಾಭದ ಬಾಬ್ತಲ್ಲ. ಪೇಂಟ್, ಬೋರಿಂಗ್, ಪಿಸ್ಟನ್, ಟೈರ್, ಕೂಲಿ ಎಲ್ಲ ಸೇರಿ ನಮಗೆ 38 ಸಾವಿರ ಆಯಿತು. ಕ್ರಮವಾಗಿ ಮಾಡಿದ್ದರೆ ಅದರಲ್ಲಿ ಅರ್ಧಕ್ಕರ್ಧ ಉಳಿಯುತ್ತಿತ್ತು. ಆದರೆ ಅಪ್ಪನೋ ಮಾವನೋ ದುಡಿದು ತಗೊಂಡ ಗಾಡಿಯನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ತೂಗುವ ಮುಂಚೆ ಒಂದು ಭಾನುವಾರ ಅದರ ಮುಂದೆ ಕೂತು ನೋಡಿ. ಅದನ್ನು ಬಿಚ್ಚಿ ಜೋಡಿಸಲು ಬಲ್ಲ ಹಿರಿಯರು ನಿಮ್ಮ ಹೋಬಳಿಯಲ್ಲಿ ಇನ್ನೂ ಇರಬಹುದು. ಅವರ ಪಕ್ಕ ಕೂತು ಕಲಿತದ್ದು ನಾಳೆ ನಿಮ್ಮ ಪಂಪ್‌ಸೆಟ್ಟಿಗೂ ಟಿಲ್ಲರ್‌ಗೂ ಬರುತ್ತದೆ.

ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋಗಿ ತಪಾಸಣೆ ಮುಗಿಸಿ, ಬಣ್ಣದ ತಿದ್ದುಪಡಿ ಮಾಡಿಸಿ, ದಂಡ ಕಟ್ಟಿ, ಆರ್.ಸಿ. ಮಾಡಿಸಿಕೊಂಡೆವು. ಇನ್ಶೂರೆನ್ಸೂ ಆಯಿತು. ಹೋದ ತಿಂಗಳು ಮಾವನನ್ನು ಹಿಂದೆ ಕೂರಿಸಿಕೊಂಡು ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು. ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಹೊಸ ಪಿಸ್ಟನ್ ಹೊಂದಿಕೊಳ್ಳುವ ತನಕ ಜೋರಾಗಿ ಓಡಿಸುವಂತೆಯೂ ಇಲ್ಲ. ಮೈಸೂರು ಇನ್ನೂ ಬಾಕಿ ಇದೆ. ‘ನಿಧಾನಕ್ಕೆ ಹೋಗಣ ಬಿಡ್ರಪ್ಪ, ಇಪ್ಪತ್ತು ವರ್ಷ ಕಾದಿದೀನಿ’ ಅಂದಿದ್ದಾರೆ ಮಾವ.