ನಮ್ಮ ಆಟಗಾರರ ಕಾರ್ಡುಗಳೆಲ್ಲಿ?

ಹವ್ಯಾಸಗಳಲ್ಲಿ ಉತ್ತಮ, ಮಧ್ಯಮ, ಅಧಮವೆಂಬ ಭೇದವನ್ನು ನಮ್ಮ ಹಿರಿಯರು ಎಣಿಸುತ್ತಾರೆ. ಪುಸ್ತಕ ಓದುವುದು ಉತ್ತಮ; ಅಂಚೆಚೀಟಿ ಕೂಡಿಸುವುದು ಮಧ್ಯಮ; ಆಟಗಾರರ ಚಿತ್ರ ಕೂಡಿಸುವುದು ಮೂರನೆಯ ದರ್ಜೆಯದು, ಎಂದರೆ ಪರೀಕ್ಷೆಯಲ್ಲಿ ನಪಾಸಾಗುವವರ ಲಕ್ಷಣ. ಈ ಮೂರನೆಯ ದರ್ಜೆಯ ಪಕ್ಷ ವಹಿಸಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಗುರುಗಳಲ್ಲಿ ಮೊದಲೇ ಕ್ಷಮೆ ಬೇಡುವುದಿಲ್ಲ. ಪೂರ್ತಿಯಾಗಿ ಓದಿ ಆಮೇಲೆ ಶಿಕ್ಷೆ ವಿಧಿಸಲಿ.

ಫುಟ್‌ಬಾಲ್ ಕಾರ್ಡು ಎಂದರೇನೆಂದು ಅರಿಯದ ಮಿತ್ರರಿಗಾಗಿ ಇಷ್ಟು ಹೇಳಬೇಕು. ಇಂಗ್ಲೆಂಡಿನಲ್ಲಿ ಸಿಗರೇಟಿನ ಪೊಟ್ಟಣಗಳು ತೆಳುಗಾಗದದವಾಗಿದ್ದ ಕಾಲದಲ್ಲಿ, ಒಳಗಿನ ಸಿಗರೇಟು ಮುರಿಯದಿರಲೆಂದು ಒಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಬರಿಯ ರಟ್ಟೇಕೆ, ಅದರ ಮೇಲೊಂದು ಚಿತ್ರವಿರಲಿ ಎಂದು ವ್ಯಾಪಾರಿಯ ಬುದ್ಧಿಗೆ ಹೊಳೆಯಿತು. ರಾಜರು, ಹಡಗುಗಳು, ಹಕ್ಕಿಗಳು, ನಟಿಯರು, ಕೊನೆಗೆ ಫುಟ್‌ಬಾಲ್ ಆಟಗಾರರು. ಇದಲ್ಲದೆ ೧೮೮೦ರ ದಶಕದ ಕೊನೆಯಲ್ಲಿಯೇ ಬ್ರಾಡ್‌ಫರ್ಡ್ ಊರಿನ ಜಾನ್ ಬೇನ್ಸ್ ಎಂಬಾತನು ಢಾಲಿನ ಆಕಾರದ ಕಾರ್ಡುಗಳನ್ನು ಮಾಡಿ ಹುಡುಗರಿಗೆ ಮಾರುತ್ತಿದ್ದನು. ವಿಲ್ಸ್, ಆಗ್ಡೆನ್, ಟ್ಯಾಡಿ ಮೊದಲಾದ ತಂಬಾಕಿನ ಕಂಪನಿಗಳು ೨೫ ಅಥವಾ ೫೦ ಕಾರ್ಡುಗಳ ಮಾಲೆಗಳನ್ನು ಹೊರಡಿಸಿದವು. ಟ್ಯಾಡಿಯವರ ೧೯೦೭ರ ಮಾಲೆ ಇಂದಿಗೂ ಸಂಗ್ರಾಹಕರ ಕಣ್ಮಣಿ. ಎರಡನೆಯ ಮಹಾಯುದ್ಧದಲ್ಲಿ ಕಾಗದದ ಅಭಾವವಾದಾಗ, ೧೯೪೦ರಲ್ಲಿ, ಸಿಗರೇಟಿನ ಕಾರ್ಡು ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಅದು ಚೂಯಿಂಗ್ ಗಮ್ಮಿನ ಜೊತೆ ಮರುಹುಟ್ಟು ಪಡೆಯಿತು. ೧೯೬೧ರಿಂದ ಇಟಲಿಯ ಮೊಡೆನಾ ಪಟ್ಟಣದ ಪನಿನಿ ಸಹೋದರರು ಅಂಟಿಸುವ ಚಿತ್ರಗಳನ್ನೂ ಆಲ್ಬಮ್ಮುಗಳನ್ನೂ ಹೊರತಂದರು. ನಮ್ಮ ದೇಶದಲ್ಲಿ ೧೯೮೦–೯೦ರ ದಶಕಗಳಲ್ಲಿ ಬಿಗ್ ಫನ್ ಬಬಲ್ ಗಮ್ಮಿನೊಂದಿಗೆ ಕ್ರಿಕೆಟ್ ಆಟಗಾರರ ಚೀಟಿ ಬರುತ್ತಿತ್ತೆಂದು ನಮ್ಮ ತಂದೆಯ ವಯಸ್ಸಿನವರು ಇಂದಿಗೂ ನೆನೆಸಿಕೊಳ್ಳುತ್ತಾರೆ.

ಧೂಮಪಾನಕ್ಕೆ ಗಾಳವಾಗಿ ಹುಟ್ಟಿದ ವಸ್ತುವನ್ನು ಕಾಲೇಜಿನ ಸಂಚಿಕೆಯಲ್ಲಿ ಕೊಂಡಾಡುವುದೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೆ. ನಾನು ಕೊಂಡಾಡುವುದು ಕಾರ್ಡಿನ ಹಿಂಬದಿಯನ್ನು. ಮುಂದೆ ಚಿತ್ರವಿದ್ದರೆ ಹಿಂದೆ ಏಳೆಂಟು ಸಾಲಿನ ಬರಹವಿರುತ್ತಿತ್ತು. ಆಟಗಾರ ಹುಟ್ಟಿದ ಊರು, ಮೊದಲು ಆಡಿದ ಸಂಘ, ಯಾವ ವರ್ಷ ಯಾವ ಸಂಘಕ್ಕೆ ಬಂದ, ಮೈದಾನದಲ್ಲಿ ಯಾವ ಸ್ಥಾನ. ಅಲ್ಲಿನ ಎಷ್ಟೋ ಆಟಗಾರರು ಕಲ್ಲಿದ್ದಲ ಗಣಿಯ ಊರುಗಳ ಬಡ ಮಕ್ಕಳು. ಅವರ ಚರಿತ್ರೆಯನ್ನು ಯಾವ ಪಂಡಿತನೂ ಬರೆಯಲಿಲ್ಲ. ಆದರೂ ನೂರು ವರ್ಷಗಳ ಮೇಲೆ ಅವರ ಹೆಸರು ಉಳಿದಿರುವುದಕ್ಕೆ ಬೆಂಕಿಪೆಟ್ಟಿಗೆಗಿಂತ ಕೊಂಚ ಉದ್ದವಾದ ಆ ರಟ್ಟೂ ಒಂದು ಕಾರಣ.

ಇನ್ನು ನಮ್ಮ ಕಡೆ ನೋಡೋಣ. ೧೯೫೬ರ ನವೆಂಬರ್ ೧ರವರೆಗೆ ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಅಂಗವಾಗಿತ್ತು. ಬೀದರಿಗೆ ಹೈದರಾಬಾದು ಸುಮಾರು ೧೪೦ ಕಿಲೋಮೀಟರು. ಬೆಂಗಳೂರು ೭೦೦ಕ್ಕೆ ಸಮೀಪ. ಭಾಲ್ಕಿಯಲ್ಲಿ ರೈಲು ಹತ್ತಿದವನು ವಿಕಾರಾಬಾದಿನ ಮೇಲಿಂದ ರಾಜಧಾನಿ ಸೇರುತ್ತಿದ್ದನು. ರೈಲಿಲ್ಲದ ಔರಾದಿನವನು ಮೊದಲು ಬೀದರಿಗೆ ಬರಬೇಕಿತ್ತು. ಆದರೂ ಆತನ ದಾರಿ ಹೋಗುತ್ತಿದ್ದುದು ಅಲ್ಲಿಗೇ. ಕೋರ್ಟು, ಕಾಲೇಜು, ದವಾಖಾನೆ, ಮದುವೆಯ ಜವಳಿ ಎಲ್ಲಕ್ಕೂ ಹೈದರಾಬಾದೇ. ಆ ಹೈದರಾಬಾದು ಆಗ ಭಾರತದ ಫುಟ್‌ಬಾಲಿನ ಗರಡಿಮನೆಯಾಗಿತ್ತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಹೈದರಾಬಾದ್ ಸಿಟಿ ಪೋಲೀಸ್ ತಂಡವು ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಒಂದೇ ಸಮನೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲೆಯ ಮಾಸ್ತರು. ೧೯೫೧ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನೂ, ೧೯೬೨ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನೂ ಸೋಲಿಸಿ ಭಾರತವು ಚಿನ್ನ ಗೆದ್ದುದು ಈ ಮಾಸ್ತರರ ಕೈಕೆಳಗೆ. ಏಷ್ಯನ್ ಕ್ರೀಡೆಗಳ ಫುಟ್‌ಬಾಲಿನಲ್ಲಿ ಆ ಎರಡರ ಹೊರತು ಮೂರನೆಯ ಚಿನ್ನ ನಮ್ಮ ದೇಶಕ್ಕೆ ಬಂದಿಲ್ಲ. ಜಕಾರ್ತದಿಂದ ಮರಳಿ ವರ್ಷ ತುಂಬುವುದರೊಳಗೆ, ೧೯೬೩ರ ಜೂನ್ ೧೧ರಂದು, ರಹೀಮ್ ಸಾಹೇಬರು ಕ್ಯಾನ್ಸರಿನಿಂದ ತೀರಿಕೊಂಡರು. ೨೦೨೪ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ಬರುವವರೆಗೆ ನಮ್ಮ ತರಗತಿಯಲ್ಲಿ ಅವರ ಹೆಸರನ್ನು ಬಲ್ಲವರು ಇಬ್ಬರೋ ಮೂವರೋ.

ಒಂದು ತಾರೀಖಿನ ಕಡೆ ವಾಚಕರ ಲಕ್ಷ್ಯ ಸೆಳೆಯಬೇಕು. ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು ೪–೨ ಗೋಲುಗಳಿಂದ ಮಣಿಸಿ ಉಪಾಂತ್ಯಕ್ಕೆ ಏರಿದ್ದು ೧೯೫೬ರ ಡಿಸೆಂಬರ್ ೧ರಂದು. ಅಂದು ನೆವಿಲ್ ಡಿಸೋಜಾ ಒಬ್ಬನೇ ಮೂರು ಗೋಲು ಹೊಡೆದನು. ಕೊನೆಗೆ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ಆ ತಂಡದಲ್ಲಿ ತಂಗರಾಜ್, ನೂರ್ ಮಹಮ್ಮದ್, ಬಲರಾಮ್ ಮೊದಲಾಗಿ ಹೈದರಾಬಾದಿನವರು ಹಲವರಿದ್ದರು. ಆದರೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಅಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು. ಅಕ್ಟೋಬರಿನವರೆಗೆ ಬೀದರಿನವನ ಪಾಲಿಗೆ ನಮ್ಮವರಾಗಿದ್ದವರು ಡಿಸೆಂಬರಿನ ವೇಳೆಗೆ ಪಕ್ಕದ ರಾಜ್ಯದವರಾಗಿಬಿಟ್ಟಿದ್ದರು! ಕನ್ನಡ ನಾಡಿಗೆ ಸೇರಿದುದು ನಮ್ಮ ಭಾಗ್ಯವೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆನಪುಗಳನ್ನು ತಾಲೂಕುಗಳಂತೆ ಹಂಚಲು ಬರುವುದಿಲ್ಲ. ಕರ್ನಾಟಕದ ಆಟದ ಚರಿತ್ರೆ ಬರೆಯುವವರು ಬೆಂಗಳೂರಿನಿಂದ ಆರಂಭಿಸಿ ಬೆಂಗಳೂರಿನಲ್ಲಿಯೇ ಮುಗಿಸುತ್ತಾರೆ. ಹೈದರಾಬಾದಿನ ಚರಿತ್ರೆ ಬರೆಯುವವರಿಗೆ ಬೀದರ ಈಗ ಪರರಾಜ್ಯ. ಹೀಗೆ ರೋವರ್ಸ್ ಕಪ್ಪಿನ ಸುದ್ದಿಯನ್ನು ರೇಡಿಯೋದ ಸುತ್ತ ಕೂತು ಕೇಳಿದ ನಮ್ಮ ಅಜ್ಜಂದಿರ ಸಂತೋಷ ಎರಡೂ ಪುಸ್ತಕಗಳಿಂದ ಜಾರಿಹೋಗಿದೆ.

ಇದನ್ನು ನಷ್ಟವೆಂದು ಮಾತ್ರ ಎಣಿಸಬೇಕಾಗಿಲ್ಲ. ಬೀದರಿನವನಿಗೆ ತಾಯಿಯ ಕಡೆಯದೂ ತಂದೆಯ ಕಡೆಯದೂ ಎರಡು ಆಸ್ತಿ ಬಂದಂತಾಗಿದೆ. ಬೆಂಗಳೂರಿನ ಕಡೆಯ ಆಸ್ತಿಯೂ ಸಾಮಾನ್ಯವಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ರಲ್ಲಿ, ಮರುವರ್ಷ ಮತ್ತೊಮ್ಮೆ, ದಂಡಿನ ಗೋರರ ತಂಡಗಳೇ ಆಳುತ್ತಿದ್ದ ರೋವರ್ಸ್ ಕಪ್ಪನ್ನು ಕಿತ್ತುಕೊಂಡಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು, ೧೯೪೮ರ ಜುಲೈ ೩೧ರಂದು ಫ್ರಾನ್ಸಿನ ವಿರುದ್ಧ, ಬಂದುದು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಅವರ ಕಾಲಿನಿಂದ. ಪಂದ್ಯವನ್ನು ನಾವು ೧–೨ರಿಂದ ಸೋತೆವು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಅದೇ ತಂಡದ ಅಹಮದ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿದವರು; ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘದ ‘ಪಂಚಪಾಂಡವ’ರಲ್ಲಿ ಒಬ್ಬರು; ೨೦೧೭ರಲ್ಲಿ ಕಾಲವಾದರು. ಮರಿಯಪ್ಪ ಕೆಂಪಯ್ಯ ೧೯೫೬ರ ಮತ್ತು ೧೯೬೦ರ ಒಲಿಂಪಿಕ್ ತಂಡಗಳಲ್ಲಿದ್ದರು. ಆ ಹೆಸರನ್ನು ಇಂಗ್ಲಿಷ್ ಬರಹಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿರುವುದನ್ನು ನೋಡಿದರೆ, ಕನ್ನಡದಲ್ಲಿ ಒಂದು ಕಾರ್ಡಾದರೂ ಇದ್ದಿದ್ದರೆ ಎನಿಸುತ್ತದೆ. ಕನ್ನಡ ಲಿಪಿಯಲ್ಲಿ ಆ ಹೆಸರಿಗೆ ಒಂದೇ ರೂಪವಲ್ಲವೆ? ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಬಾರಿ ಗೆದ್ದಿತ್ತು. ೧೯೬೮–೬೯ರ ನಂತರ ೫೪ ವರ್ಷ ಕಾದು, ೨೦೨೩ರ ಮಾರ್ಚಿನಲ್ಲಿ, ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಅದನ್ನು ಮರಳಿ ಪಡೆಯಿತು. ಆ ವಾರ ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಚರ್ಚೆಯಾದುದು ಕ್ರಿಕೆಟ್ ಮಾತ್ರ.

ಆಟಗಾರರ ಜೀವನವೆಷ್ಟು ಅಲ್ಪಕಾಲದ್ದೆಂಬುದನ್ನೂ ನೆನೆಯಬೇಕು. ಸಿಕಂದರಾಬಾದಿನ ಅಮ್ಮುಗುಡದ ತುಳಸೀದಾಸ್ ಬಲರಾಮ್ ಇಪ್ಪತ್ತರಲ್ಲಿ ಒಲಿಂಪಿಕ್ಸ್ ಆಡಿದರು. ೨೭ರಲ್ಲಿ, ೧೯೬೩ರಲ್ಲಿ, ಅನಾರೋಗ್ಯದಿಂದ ಬೂಟು ಬಿಚ್ಚಿಟ್ಟರು. ಆಮೇಲೆ ಅವರು ೨೦೨೩ರವರೆಗೆ ಬದುಕಿದ್ದರು. ಏಳು ವರ್ಷದ ಆಟ, ಅರುವತ್ತು ವರ್ಷದ ಮರೆವು! ಜಕಾರ್ತದಲ್ಲಿ ಗೆದ್ದ ತಂಡದ ಯೂಸುಫ್ ಖಾನ್ ೧೯೬೬ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಮುಂದೆ ಕೈಕಾಲು ನಡುಗುವ ರೋಗದಿಂದ ಬಹುಕಾಲ ನರಳಿ ೨೦೦೬ರಲ್ಲಿ ತೀರಿದರು. ಅಂದಿನ ಆಟಗಾರರಿಗೆ ಇಂದಿನಂತೆ ಕೋಟಿಗಳಿರಲಿಲ್ಲ. ಪೋಲೀಸು, ರೈಲ್ವೆ, ಕಾರಖಾನೆ, ಎಲ್ಲಿಯಾದರೂ ಒಂದು ನೌಕರಿ ಸಿಕ್ಕರೆ ಅದೇ ಆಟದ ಸಂಭಾವನೆ. ಆದುದರಿಂದ ಅವರ ಚರಿತ್ರೆಯೆಲ್ಲ ನೌಕರಿಯ ಕಾಗದಗಳಲ್ಲಿಯೂ ಹಳೆಯ ಪತ್ರಿಕೆಗಳಲ್ಲಿಯೂ ಹೂತುಹೋಗಿದೆ.

ನನ್ನ ಮುಖ್ಯ ಮಾತು ಇಲ್ಲಿಯೇ ಇದೆ. ಹೈದರಾಬಾದಿನ ಆಟದ ವಾರ್ತೆಗಳ ಬಹುಭಾಗ ಇರುವುದು ಉರ್ದುವಿನಲ್ಲಿ; ೧೯೪೯ರಲ್ಲಿ ಹೊರಟ ‘ಸಿಯಾಸತ್’ದಂಥ ಪತ್ರಿಕೆಗಳಲ್ಲಿ. ಬೆಂಗಳೂರಿನ ಪಂಡಿತರೊಬ್ಬರು ಅದನ್ನು ಓದಿಸಬೇಕಾದರೆ ಯಾರನ್ನಾದರೂ ಹುಡುಕಿಕೊಂಡು ಹೋಗಬೇಕು. ಬೀದರಿನಲ್ಲಿ ಹಾಗಲ್ಲ. ಚೌಬಾರದಿಂದ ನಾಲ್ಕು ಹೆಜ್ಜೆ ನಡೆದರೆ ಕನ್ನಡವನ್ನೂ ಉರ್ದುವನ್ನೂ ಒಂದೇ ಉಸಿರಿನಲ್ಲಿ ಆಡುವವರು ಸಿಗುತ್ತಾರೆ. ಭಾಲ್ಕಿ, ಔರಾದಗಳಲ್ಲಿ ಇವೆರಡಕ್ಕೆ ಮರಾಠಿಯೂ ಸೇರುತ್ತದೆ. ಉರ್ದು ಮಾಧ್ಯಮದಲ್ಲಿ ಕಲಿತ ಹಿಂದೂ ಅಜ್ಜಂದಿರು ಕೂಡ ಅಲ್ಲಲ್ಲಿ ಇನ್ನೂ ಇದ್ದಾರೆ. ಈ ಕೆಲಸಕ್ಕೆ ಕರ್ನಾಟಕದಲ್ಲಿ ನಮಗಿಂತ ಯೋಗ್ಯರಾದವರು ವಿರಳ. ಆದರೆ ೧೯೫೭ರಲ್ಲಿ ಹದಿನೈದು ವರ್ಷದವರಾಗಿದ್ದವರು ಇಂದು ಎಂಬತ್ತನ್ನು ದಾಟಿದ್ದಾರೆ.

ನನ್ನ ಸಹಪಾಠಿಯೊಬ್ಬನ ಅಜ್ಜನವರು ಗುಮಾಸ್ತಿಕೆಯಿಂದ ನಿವೃತ್ತರಾದವರು. ಒಂದು ತಗಡಿನ ಟ್ರಂಕಿನ ತುಂಬ ಉರ್ದು ಪತ್ರಿಕೆಗಳ ತುಣುಕುಗಳನ್ನು ಕೂಡಿಹಾಕಿದ್ದರು. ಒಂದರಲ್ಲಿ ಪೋಲೀಸ್ ತಂಡ ಕಪ್ಪನ್ನು ನಡುವೆ ಇಟ್ಟುಕೊಂಡು ನಿಂತಿದೆ. “ಬೈಠೋ ಬೇಟಾ, ಹೇಳ್ತೀನಿ” ಎಂದು ಹನ್ನೊಂದರಲ್ಲಿ ಎಂಟು ಮಂದಿಯ ಹೆಸರನ್ನು ಬೆರಳಿಟ್ಟು ಹೇಳಿದರು. ಮೂವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ತುಣುಕಿನ ಮೇಲೆ ತಾರೀಖಿಲ್ಲ. ಐದು ವರ್ಷ ಒಂದೇ ಸಮನೆ ಗೆದ್ದ ಕಪ್ಪಾದುದರಿಂದ ಕಪ್ಪು ನೋಡಿ ವರ್ಷ ಹೇಳುವಂತಿಲ್ಲ. ಆದರೆ ತುಣುಕಿನ ಬೆನ್ನ ಮೇಲೆ ಒಂದು ಸಿನೇಮಾದ ಜಾಹೀರಾತಿನ ಅರ್ಧ ಉಳಿದಿತ್ತು. ಆ ಚಿತ್ರ ಬಂದ ವರ್ಷವನ್ನು ಕಂಡುಹಿಡಿದರೆ ಪಂದ್ಯದ ವರ್ಷವೂ ಹತ್ತಿರಕ್ಕೆ ಬರುತ್ತದೆ. (ಗೋಂದು ಹಚ್ಚಿ ತುಣುಕುಗಳನ್ನು ವಹಿಗೆ ಅಂಟಿಸುವ ಮಿತ್ರರು ಇದನ್ನು ಗಮನಿಸಬೇಕು. ಅಂಟಿಸಿದೊಡನೆ ಬೆನ್ನು ಕುರುಡಾಗುತ್ತದೆ.) ಹೋದ ಮಳೆಗಾಲದಲ್ಲಿ ಆ ಹಿರಿಯರು ತೀರಿಕೊಂಡರು. ಮನೆ ಬದಲಿಸುವಾಗ ಟ್ರಂಕಿನ ಕಾಗದಗಳು ರದ್ದಿಯವನ ತಕ್ಕಡಿಗೆ ಹೋದವು. ಮನೆಯವರನ್ನು ದೂರಲಾರೆ, ಹಳೆಯ ಕಾಗದ ಎಲ್ಲರ ಮನೆಯಲ್ಲೂ ರದ್ದಿಯೇ. ಸಹಪಾಠಿಯು ಹದಿನಾಲ್ಕು ತುಣುಕುಗಳನ್ನು ಉಳಿಸಿಕೊಂಡಿದ್ದಾನೆ.

ಔರಾದಿನ ಗೆಳೆಯನೊಬ್ಬ ಪರದೇಶದ ಕಾರ್ಡುಗಳನ್ನು ಟಪಾಲಿನಲ್ಲಿ ತರಿಸುತ್ತಾನೆ. ನನ್ನ ವಾದಕ್ಕೆ ಅವನು ಒಪ್ಪುವುದಿಲ್ಲ. “ಅಸಲಿ ಕಾರ್ಡಿಗೆ ಬೆಲೆ ಅದಾ, ನೀ ಮಾಡಿದ್ದಕ್ಕ ಯಾರ್ ರೊಕ್ಕ ಕೊಡ್ತಾರ?” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಪೆಲೆಯ ೧೯೫೮ರ ಒಂದು ಸ್ವೀಡಿಷ್ ಕಾರ್ಡು ೨೦೨೨ರಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಆದರೆ ಬೆಲೆಯೇ ಮುಖ್ಯವಾದಾಗ ಕಾರ್ಡನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ಮೂಲೆ ಸವೆದಿದೆಯೋ ಇಲ್ಲವೋ ಎಂದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಹಿಂದೆ ಏನು ಬರೆದಿದೆಯೆಂದು ಓದುವವರು ಕಡಮೆ. ಪೆಲೆಯನ್ನು ನಾವು ಔರಾದಿನಲ್ಲಿ ಕಾಪಾಡದಿದ್ದರೂ ಜಗತ್ತು ಕಾಪಾಡುತ್ತದೆ. ನೂರ್ ಮಹಮ್ಮದರನ್ನು ಕಾಪಾಡುವವರು ಯಾರು? ನಮ್ಮ ಮಾಮನವರ ಪ್ರಶ್ನೆ ಇನ್ನೂ ಸರಳ: “ಇದರಿಂದ ಹೊಟ್ಟಿ ತುಂಬತದೇನ್ ತಮ್ಮಾ?” ತುಂಬುವುದಿಲ್ಲ. ಕೋಟೆಯ ಕಲ್ಲಿನಿಂದಲೂ ಗವಾನನ ಮದರಸಾದಿಂದಲೂ ಯಾರ ಹೊಟ್ಟೆ ತುಂಬಿದೆ? ಅವನ್ನು ಕಾಯಲು ಸರ್ಕಾರ ಆಳನ್ನಿಟ್ಟಿಲ್ಲವೆ?

ಆದುದರಿಂದ ನಮ್ಮ ಕಾರ್ಡುಗಳನ್ನು ನಾವೇ ಮಾಡಬೇಕು. ಖರ್ಚು ಬಹಳವಿಲ್ಲ. ದಪ್ಪ ಡ್ರಾಯಿಂಗ್ ಹಾಳೆ, ಚಿತ್ರದ ನಕಲು, ಹಿಂದೆ ಕನ್ನಡದಲ್ಲಿ ಏಳೆಂಟು ಸಾಲು, ಕೆಳಗೆ ಉರ್ದುವಿನಲ್ಲಿ ಹೆಸರು. ಗೊತ್ತಿಲ್ಲದ ಕಡೆ ಖಾಲಿ ಬಿಡಬೇಕು. ಊಹಿಸಿ ತುಂಬಿದ ಕಾರ್ಡು ಕಾರ್ಡಿಲ್ಲದಿರುವುದಕ್ಕಿಂತ ಕೇಡು. ಗುಂಪಿನ ಚಿತ್ರ ಸಿಕ್ಕರೆ ಎಡದಿಂದ ಬಲಕ್ಕೆ ನಿಂತವರು, ಕೂತವರು ಎಂದು ಹಿರಿಯರ ಎದುರಿನಲ್ಲಿಯೇ ಬರೆದುಕೊಳ್ಳಬೇಕು. ಅಸಲು ಅವರ ಮನೆಯಲ್ಲಿಯೇ ಇರಲಿ, ನಮಗೆ ನಕಲು ಸಾಕು. ಉರ್ದು ಮತ್ತು ಚರಿತ್ರೆ ವಿಭಾಗಗಳ ಗುರುಗಳು ತಿಂಗಳಿಗೆ ಒಂದು ಶನಿವಾರ ಒಂದು ತಾಸು ಕೊಟ್ಟರೆ ಓದುವ ತೊಡಕು ತೀರುತ್ತದೆ. ಗ್ರಂಥಾಲಯದಲ್ಲಿ ಬೀಗವಿರುವ ಒಂದು ಖಾನೆಯನ್ನು ಕೇಳಿದ್ದೇವೆ.

ಇದುವರೆಗೆ ನಾವು ಮೂವರು ಹನ್ನೊಂದು ಕಾರ್ಡುಗಳನ್ನು ಮಾಡಿದ್ದೇವೆ. ರಹೀಮ್ ಸಾಹೇಬರದು, ಬಲರಾಮರದು, ಅಹಮದ್ ಖಾನರದು, ಕೆಂಪಯ್ಯನವರದು ಒಂದು ಮಟ್ಟಿಗೆ ಪೂರ್ತಿಯಾಗಿವೆ. ನಾಲ್ಕರ ಹಿಂಬದಿ ಅರ್ಧ ಖಾಲಿ. ಉಳಿದ ಮೂರರಲ್ಲಿ ಚಿತ್ರ ಮಾತ್ರವಿದೆ, ಹೆಸರಿಲ್ಲ: ಆ ಟ್ರಂಕಿನ ತುಣುಕಿನಲ್ಲಿ ಉಳಿದ ಮೂವರು. ಒಬ್ಬರು ಎತ್ತರದವರು, ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತಿದ್ದಾರೆ. ಇನ್ನಿಬ್ಬರು ಮುಂದೆ ನೆಲದ ಮೇಲೆ ಕೂತಿದ್ದಾರೆ. ಮನೆಯಲ್ಲಿ ಗುರುತಿಸಬಲ್ಲ ಹಿರಿಯರಿದ್ದರೆ ದಯವಿಟ್ಟು ತಿಳಿಸಿರಿ. ಚಿತ್ರವನ್ನು ತೆಗೆದುಕೊಂಡು ನಾವೇ ಬರುತ್ತೇವೆ.