ಕೂಸಿನ ಕಣ್ಣು, ತಾಯಿಯ ಕೂಲಿ

ಹುಟ್ಟುವಾಗಲೇ ಒಂದು ಕಣ್ಣಿಗೆ ಪೊರೆ ಬಂದ ಕೂಸಿನ ವಿಷಯದಲ್ಲಿ ತಡಮಾಡುವಂತಿಲ್ಲ. ಆರೆಂಟು ವಾರದೊಳಗೆ ಪೊರೆ ತೆಗೆಯದಿದ್ದರೆ ಆ ಕಣ್ಣಿನಿಂದ ಸರಿಯಾಗಿ ನೋಡುವುದನ್ನು ಮೆದುಳು ಕಲಿಯುವುದೇ ಕಷ್ಟ. ಪೊರೆಯೊಡನೆ ಕಣ್ಣಿನ ಸ್ವಂತ ಮಸೂರವೂ ಹೋಗುತ್ತದೆ. ಅದರ ಬದಲಿಗೆ ಏನಿಡಬೇಕು? ಇದು ಡಾಕ್ಟರ ಪ್ರಶ್ನೆ, ಸಮಾಜವಾದಿಗಳಿಗೇಕೆ ಎಂದು ಕೆಲವು ಮಹನೀಯರು ಕೇಳಬಹುದು. ಇದು ಕೂಲಿಯ ಪ್ರಶ್ನೆಯೂ ಹೌದು. ಆದ್ದರಿಂದ ನಮ್ಮದೂ ಹೌದು.

ಅಮೆರಿಕದಲ್ಲಿ 2004ರಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಒಂದೇ ಕಣ್ಣಿಗೆ ಪೊರೆಯಿದ್ದ, ಏಳು ತಿಂಗಳು ತುಂಬದ 114 ಕೂಸುಗಳು. 57 ಕೂಸುಗಳಿಗೆ ಕಣ್ಣಿನೊಳಗೇ ಕೃತಕ ಮಸೂರ; ಉಳಿದ 57ಕ್ಕೆ ಕಣ್ಣಿನ ಮೇಲೆ ಕೂರುವ ಕಾಂಟ್ಯಾಕ್ಟ್ ಲೆನ್ಸ್. ನಾಲ್ಕೂವರೆ ವರ್ಷದ ವಯಸ್ಸಿನ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಎರಡು ಗುಂಪಿನ ದೃಷ್ಟಿಯಲ್ಲಿ ಹೇಳಿಕೊಳ್ಳುವ ಭೇದವಿಲ್ಲ. ಆದರೆ ಒಳಗೆ ಮಸೂರ ಇಡಿಸಿಕೊಂಡವರಲ್ಲಿ 41 ಮಕ್ಕಳ ಕಣ್ಣಿನೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಇನ್ನೊಂದು ಗುಂಪಿನಲ್ಲಿ 12 ಮಕ್ಕಳಿಗೆ ಮಾತ್ರ. ಎಳೆಗೂಸಿನ ಕಣ್ಣು ಬೇಗ ಬೇಗ ಬೆಳೆಯುತ್ತದೆ, ಒಳಗಿಟ್ಟ ಮಸೂರ ಬೆಳೆಯುವುದಿಲ್ಲ. (ಎರಡು ವರ್ಷ ದಾಟಿದ ಮಕ್ಕಳಿಗೆ ಒಳಗಿನ ಮಸೂರವೇ ಇಂದು ರೂಢಿ; ಅದರ ಮೇಲೆ ನಮ್ಮ ತಕರಾರಿಲ್ಲ.)

ಇಂಥ ಎಳೆಗೂಸಿಗೆ ಕಾಂಟ್ಯಾಕ್ಟ್ ಲೆನ್ಸೇ ಲೇಸೆಂದು ಆ ಪಂಡಿತರು ತೀರ್ಮಾನಿಸಿದರು. ಜೊತೆಗೊಂದು ವಿನಾಯಿತಿ: ಲೆನ್ಸಿನ ಖರ್ಚು, ಆರೈಕೆ ಹೊರಲಾರದೆ ಕೂಸು ಬಹುಕಾಲ ಲೆನ್ಸಿಲ್ಲದೆ ಉಳಿಯುವಂತಿದ್ದರೆ ಒಳಗೇ ಇಡಬಹುದು. ಓದುಗರು ಈ ಮಾತನ್ನು ಎರಡು ಸಲ ಓದಬೇಕು. ಅಮೆರಿಕದ ವಿನಾಯಿತಿ ನಮ್ಮ ಕೂಲಿಯವಳ ಗುಡಿಸಲಿನಲ್ಲಿ ನಿಯಮವಾಗುತ್ತದೆ!

ಲೆನ್ಸನ್ನು ತೆಗೆಯಬೇಕು, ಶುದ್ಧಿ ಮಾಡಬೇಕು, ಚೊಕ್ಕ ಕೈಯಿಂದ ಹಾಕಬೇಕು. ಕೂಸು ಕಣ್ಣುಜ್ಜಿ ಮಣ್ಣಿನಲ್ಲಿ ಕಳೆದರೆ ಇನ್ನೊಂದು ತರಬೇಕು. ಕಣ್ಣು ಬೆಳೆದಂತೆ ನಂಬರು ಬದಲಾಗುತ್ತದೆ. ಒಳ್ಳೆಯ ಕಣ್ಣಿಗೆ ದಿನವೂ ಗಂಟೆಗಟ್ಟಲೆ ಪಟ್ಟಿ ಕಟ್ಟಿ, ಅಳುವ ಮಗುವನ್ನು ವರ್ಷಗಟ್ಟಲೆ ಸಂತೈಸಬೇಕು. ಬೆಳಗಾದರೆ ಕಳೆ ಕೀಳಲು ಹೋಗುವವಳು ಇದನ್ನೆಲ್ಲ ಯಾವಾಗ ಮಾಡಬೇಕು? 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿಲ್ಲ. ಸಂತೋಷ. ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಯಾವ ಕಂಡಕ್ಟರು ಕೊಡುತ್ತಾನೆ? ಇದನ್ನು ನೋಡಿ ಒಳಗೇ ಮಸೂರ ಇಟ್ಟುಬಿಡುವ ಡಾಕ್ಟರನ್ನು ನಾವು ದೂರುವುದಿಲ್ಲ. ಅವರ ಕೈ ಹಿಡಿದು ಆ ತೀರ್ಮಾನ ಬರೆಸುವುದು ಬಡತನ.

ದುಬಾರಿ ವಸ್ತು ಬಡವರಿಗೆ ಎಲ್ಲಿಂದ ತರುವುದೆಂಬ ವಾದ ಹಳೆಯದು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಕೃತಕ ಮಸೂರಕ್ಕೆ ಕೈ ಹಾಕಿದ. ನಮ್ಮ ಮುದುಕರಿಗೆ ದಶಕಗಳ ಕಾಲ ದಪ್ಪ ಕನ್ನಡಕವೇ ಗತಿಯಾಗಿತ್ತು. 1992ರಲ್ಲಿ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಕಾರ್ಖಾನೆ ಹಾಕಿ, ಆಮದು ಬೆಲೆಯ ಸಣ್ಣದೊಂದು ಪಾಲಿಗೇ ಮಸೂರ ತಯಾರಿಸಿ ತೋರಿಸಿದರು. ಒಂದು ಧರ್ಮಾಸ್ಪತ್ರೆಯ ಕೈಲಾದದ್ದು ಸರ್ಕಾರದ ಕೈಲಾಗದೆ?

ಅಂಧತ್ವ ನಿವಾರಣೆಯ ವರದಿಗಳಲ್ಲಿ ಎದ್ದು ಕಾಣುವುದು ಇಷ್ಟು ಲಕ್ಷ ಶಸ್ತ್ರಚಿಕಿತ್ಸೆ ಎಂಬ ಅಂಕಿ. ಮುದುಕರ ಮಟ್ಟಿಗೆ ಆ ಲೆಕ್ಕ ಸರಿಯಿದ್ದೀತು. ಕೂಸಿಗೆ ಶಸ್ತ್ರಚಿಕಿತ್ಸೆ ಮೊದಲ ದಿನದ ಕೆಲಸ ಮಾತ್ರ. ಐದು ವರ್ಷದ ಮೇಲೆ ಆ ಮಗುವಿಗೆ ಎಷ್ಟು ಕಾಣುತ್ತದೆ? ಈ ಲೆಕ್ಕವನ್ನು ಜಿಲ್ಲೆಜಿಲ್ಲೆಗೂ ಪ್ರಕಟಿಸಲಿ. ಕಳೆದುಹೋದ ಲೆನ್ಸಿಗೆ ಬದಲಿ ಲೆನ್ಸು, ಪಟ್ಟಿ, ಕನ್ನಡಕ ಜಿಲ್ಲಾಸ್ಪತ್ರೆಯಲ್ಲೇ ಧರ್ಮಾರ್ಥ ಸಿಗಲಿ. ತಪಾಸಣೆಗೆ ಬಂದ ತಾಯಿಗೆ ಆ ದಿನದ ಕನಿಷ್ಠ ಕೂಲಿ ಕೈಗೆ ಬರಲಿ. ಇದಕ್ಕೆ ಮುಂದಿನ ಬಜೆಟ್ಟಿನಲ್ಲಿ ಎಷ್ಟು ರೂಪಾಯಿ ತೆಗೆದಿಡುತ್ತಾರೆಂದು ಆರೋಗ್ಯ ಮಂತ್ರಿಗಳು ವಿಧಾನಸಭೆಯಲ್ಲಿ ಎದ್ದುನಿಂತು ಹೇಳಲಿ.