ಜೋಡಿ ಚಕ್ರಗಳ ಜೋಡಿ ತಪ್ಪದಿರಲಿ

ಎತ್ತುಗಳನ್ನು ಕೊಳ್ಳಲು ಜಾತ್ರೆಗೆ ಹೋದ ರೈತನು ಒಂದೊಂದನ್ನೇ ಬೇರೆಯಾಗಿ ನೋಡುವುದಿಲ್ಲ; ಜೋಡಿಯನ್ನು ನೋಡುತ್ತಾನೆ. ಎತ್ತರ, ನಡಿಗೆ, ಬಲ ಇವು ಎರಡರಲ್ಲಿಯೂ ಸರಿಸಮನಾಗಿವೆಯೆ ಎಂದು ಪರೀಕ್ಷಿಸುತ್ತಾನೆ. ಒಂದು ಎತ್ತರ, ಇನ್ನೊಂದು ಗಿಡ್ಡವಾದರೆ ನೊಗ ವಾಲುತ್ತದೆ, ಹೆಗಲು ಹುಣ್ಣಾಗುತ್ತದೆ ಎಂಬುದು ಅವನಿಗೆ ಪುಸ್ತಕದಿಂದ ಬಂದ ತಿಳಿವಲ್ಲ. ಅದೇ ಮನೆಯ ಮಗನು ಇಂದು ಸಾಲ ಮಾಡಿ ಸಣ್ಣ ಲಾರಿಯೊಂದನ್ನು ಕೊಂಡು, ಅದರ ಹಿಂದಿನ ಜೋಡಿ ಚಕ್ರಗಳಲ್ಲಿ ಒಂದಕ್ಕೆ ಹೊಸ ಟೈರನ್ನೂ ಅದರ ಪಕ್ಕದ್ದಕ್ಕೆ ಅರ್ಧ ಸವೆದ ಟೈರನ್ನೂ ತೊಡಿಸಿ ನಿಶ್ಚಿಂತನಾಗಿರುತ್ತಾನೆ. ಈ ನಿಶ್ಚಿಂತೆ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಚನ್ನಗಿರಿಯ ಅಡಿಕೆ, ಹೊನ್ನಾಳಿ ನ್ಯಾಮತಿಗಳ ಭತ್ತ, ಜಗಳೂರಿನ ಮೆಕ್ಕೆಜೋಳ ಇವೆಲ್ಲ ಹೊಲ ತೋಟಗಳಿಂದ ಮಾರುಕಟ್ಟೆಗೆ ಸಾಗಬೇಕಾದರೆ ಸಣ್ಣ ಲಾರಿಗಳೇ ಆಧಾರ. 1986ರಲ್ಲಿ ಬಂದ ಟಾಟಾ 407ರಂತಹ ಇಂತಹ ಅನೇಕ ಗಾಡಿಗಳಿಗೆ ಮುಂದೆ ಎರಡು, ಹಿಂದೆ ನಾಲ್ಕು, ಒಟ್ಟು ಆರು ಚಕ್ರಗಳು. ಸರಕಿನ ಹೊರೆಯ ಹೆಚ್ಚು ಪಾಲು ಹಿಂದಿನ ಅಚ್ಚಿನ ಮೇಲೆ ಬೀಳುವುದರಿಂದ ಅಲ್ಲಿ ಒಂದೊಂದು ಪಕ್ಕಕ್ಕೂ ಎರಡೆರಡು ಟೈರುಗಳು. ಹೊರೆಯನ್ನು ಇಬ್ಬರೂ ಸಮವಾಗಿ ಹಂಚಿಕೊಳ್ಳಲಿ ಎಂಬುದೇ ಇದರ ಉದ್ದೇಶ. ಅಳತೆಯಲ್ಲಿ ಅವು ಸಮವಲ್ಲದಿದ್ದರೆ ಏನಾದೀತು? ಹೈಸ್ಕೂಲಿನ ಗಣಿತವೇ ಇದಕ್ಕೆ ಉತ್ತರ ಹೇಳಬಲ್ಲದು.

ಹೊಸ ಟೈರಿನ ವ್ಯಾಸ 800 ಮಿಲಿಮೀಟರು, ಅದರ ಮೈಯ ಮೇಲಿನ ಗೀರುಗಳ ಆಳ 12 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಅರ್ಧ ಸವೆದ ಟೈರಿನಲ್ಲಿ ಆಳ 6 ಮಿಲಿಮೀಟರು ಉಳಿದಿರುತ್ತದೆ. ಮೇಲೂ ಕೆಳಗೂ ಸವೆದಿರುವುದರಿಂದ ಅದರ ವ್ಯಾಸ 788 ಮಿಲಿಮೀಟರು. ಒಂದು ಕಿಲೋಮೀಟರು ಸಾಗಲು ಹೊಸ ಟೈರು ಸುಮಾರು 398 ಸುತ್ತು ಸುತ್ತಬೇಕು, ಹಳೆಯದು 404 ಸುತ್ತು. ಆದರೆ ಎರಡನ್ನೂ ಒಂದೇ ಗುಂಬಕ್ಕೆ ನಟ್ಟು ಹಾಕಿ ಬಿಗಿದಿರುವಾಗ ಒಂದು ಹೆಚ್ಚು, ಒಂದು ಕಡಿಮೆ ಸುತ್ತಲು ಸಾಧ್ಯವೆ? ಆದುದರಿಂದ ಪ್ರತಿ ಕಿಲೋಮೀಟರಿಗೂ ಸುಮಾರು 15 ಮೀಟರುಗಳಷ್ಟು ದೂರ ಉರುಳಿನ ಬದಲು ಉಜ್ಜುವಿಕೆಯಾಗುತ್ತದೆ. 100 ಕಿಲೋಮೀಟರಿನ ಪ್ರಯಾಣದಲ್ಲಿ ಇದು ಒಂದೂವರೆ ಕಿಲೋಮೀಟರು! ಹೊರೆಯ ಕೆಳಗೆ ದೊಡ್ಡ ಟೈರು ಹೆಚ್ಚು ಅಮುಕುವುದರಿಂದ ಲೆಕ್ಕ ಸ್ವಲ್ಪ ಇಳಿಯಬಹುದು. ಆದರೆ ಆ ಅಮುಕುವಿಕೆಯೇ ಇನ್ನೊಂದು ಕೇಡು. ದೊಡ್ಡದು ತನ್ನ ಪಾಲಿಗಿಂತ ಹೆಚ್ಚು ಹೊರೆ ಹೊತ್ತು ಬಿಸಿಯಾಗುತ್ತದೆ. ಚಿಕ್ಕದು ನೆಲಕ್ಕೆ ಉಜ್ಜಿ ಬೇಗ ಸವೆಯುತ್ತದೆ. ರಬ್ಬರಿಗೆ ಉಷ್ಣವೇ ಶತ್ರು.

ಗಮನಿಸಿ: ಈ ಎರಡು ಟೈರುಗಳೂ ಬಿಡಿಬಿಡಿಯಾಗಿ ನಿರ್ದೋಷಿಗಳು. ಲಾರಿಯ ಟೈರಿನಲ್ಲಿ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರು ಇರಬೇಕೆಂಬ ಕಾನೂನಿಗೆ ಎರಡೂ ಬದ್ಧವಾಗಿವೆ. ದೋಷವಿರುವುದು ಟೈರಿನಲ್ಲಲ್ಲ, ಜೋಡಿಯಲ್ಲಿ.

ಜೋಡಿಯಲ್ಲಿ ಒಳಗಿನ ಟೈರಿನ ಪಾಡು ಇನ್ನೂ ಕಷ್ಟದ್ದು. ಮಳೆಯ ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿರುತ್ತಾರೆ. ಆ ಉಬ್ಬಿನಿಂದ ಒಳಚಕ್ರದ ಮೇಲೆ ಹೆಚ್ಚು ಭಾರ ಬೀಳುತ್ತದೆ. ಬ್ರೇಕಿನ ಬಿಸಿ ಅದಕ್ಕೆ ಸಮೀಪ, ಗಾಳಿಯಾಟ ಕಡಿಮೆ. ಮೇಲಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ಅದರ ಗಾಳಿ ಇಳಿದರೂ ಲಾರಿ ಓಡುತ್ತಲೇ ಇರುತ್ತದೆ, ಹೊರಗಿನ ಟೈರು ಎರಡರ ಹೊರೆಯನ್ನೂ ಹೊರುತ್ತದೆ. ಇಂತಹ ಟೈರು ಸಿಡಿಯುವುದೂ, ಇಳಿದ ಟೈರು ಕಾದು ಹೊತ್ತಿಕೊಳ್ಳುವುದೂ ಉಂಟು. ಅದೇ ರಸ್ತೆಯ ಅಂಚಿನಲ್ಲಿಯೇ ಅಲ್ಲವೆ ನಮ್ಮ ವಿದ್ಯಾರ್ಥಿಗಳು ಸೈಕಲ್ ತುಳಿಯುವುದು? ಕ್ಲೀನರನು ರಾಡಿನಿಂದ ಬಡಿದು ಸದ್ದು ಕೇಳುವುದು ಒಳ್ಳೆಯ ಅಭ್ಯಾಸವೇ. ಆದರೆ ಪೂರ್ತಿ ಇಳಿದ ಟೈರನ್ನು ಸದ್ದು ತಿಳಿಸೀತು. ಕಾಲುಭಾಗ ಇಳಿದುದನ್ನು ಗೇಜೇ ತಿಳಿಸಬೇಕು.

ಇನ್ನು ಟೈರುಗಳ ಜಾಗ ಬದಲಾಯಿಸುವ ಮಾತು. ಮುಂದಿನವು ತಿರುವುಗಳಲ್ಲಿ ಅಂಚು ಸವೆಯುತ್ತವೆ, ಹಿಂದಿನವು ಎಳೆತದಿಂದ ಸವೆಯುತ್ತವೆ. ಆದುದರಿಂದ ಕಾಲಕಾಲಕ್ಕೆ ಜಾಗ ಬದಲಾಯಿಸುವುದು ಯುಕ್ತ. ಆದರೆ ಮುಂದಿನದನ್ನು ಹಿಂದಕ್ಕೆ, ಎಡದ್ದನ್ನು ಬಲಕ್ಕೆ ಎಂದು ಕಣ್ಣುಮುಚ್ಚಿ ಸುತ್ತಿಸಿದರೆ ಸಾಲದು. ಜಾಗ ಬದಲಾವಣೆಯ ನಿಜವಾದ ಅರ್ಥ ಹೊಸದಾಗಿ ಜೋಡಿ ಕೂಡಿಸುವುದು ಎಂದು ನಾವು ತಿಳಿಯುತ್ತೇವೆ. ಸ್ಟೆಪ್ನಿಯೂ ಸೇರಿ ಏಳು ಟೈರುಗಳಿಗೆ ಒಂದೇ ಪ್ರಮಾಣದ ಗಾಳಿ ತುಂಬಿ, ತಣ್ಣಗಿರುವಾಗ ಪ್ರತಿಯೊಂದರ ಪರಿಧಿಯನ್ನು ಟೇಪಿನಿಂದ ಅಳೆದು ಸೀಮೆಸುಣ್ಣದಲ್ಲಿ ಬರೆಯಬೇಕು. ಈ ಗಾತ್ರದ ಲಾರಿಗಳಲ್ಲಿ ಜೋಡಿಯ ವ್ಯಾಸಗಳ ಅಂತರ ಸುಮಾರು 6 ಮಿಲಿಮೀಟರಿಗೆ ಮೀರಬಾರದು. ಪರಿಧಿಯಲ್ಲಿ ಇದು 19 ಮಿಲಿಮೀಟರು, ಅಂದರೆ ಒಂದು ಬೆರಳಿನ ಅಗಲ. ಆ ಮಿತಿಯೊಳಗೆ ವ್ಯತ್ಯಾಸವಿದ್ದರೆ ಚಿಕ್ಕದು ಒಳಗಿರಲಿ, ದೊಡ್ಡದು ಹೊರಗಿರಲಿ. ರೇಡಿಯಲ್ ಟೈರನ್ನೂ ನೈಲಾನ್ ಟೈರನ್ನೂ ಜೋಡಿ ಮಾಡಬಾರದು. ರೀಸೋಲ್ ಮಾಡಿದ ಟೈರು ಮುಂದಿನ ಚಕ್ರಕ್ಕೆ ಬೇಡ.

ಚಕ್ರದ ಡಿಸ್ಕನ್ನು ಆರಿಸುವಲ್ಲಿಯೂ ಇದೇ ವಿವೇಕ ಬೇಕು. ಎರಡು ಟೈರುಗಳ ನಡುವಿನ ಸಂದನ್ನು ನಿರ್ಧರಿಸುವುದು ಡಿಸ್ಕಿನ ಬಾಗು. ಬೇರೆ ಗಾಡಿಯ ಡಿಸ್ಕು ನಟ್ಟಿನ ತೂತಿಗೆ ಸರಿಹೊಂದಿತೆಂದು ತೊಡಿಸಿದರೆ, ಇಲ್ಲವೆ ಹೆಚ್ಚು ಹೊರೆ ಹೊರಲೆಂದು ಅಗಲವಾದ ಟೈರು ಹಾಕಿದರೆ, ಸಂದು ಕಿರಿದಾಗುತ್ತದೆ. ಭಾರ ಬಿದ್ದಾಗ ಟೈರಿನ ಪಕ್ಕೆಗಳು ಉಬ್ಬಿ ಒಂದನ್ನೊಂದು ತಿಕ್ಕುತ್ತವೆ. ಸಂದಿನಲ್ಲಿ ಸಿಕ್ಕ ಜಲ್ಲಿಕಲ್ಲು ಎರಡನ್ನೂ ಕೊಯ್ಯುತ್ತದೆ. ಚಕ್ರ ಬಿಚ್ಚಿ ತೊಡಿಸಿದ ಮೇಲೆ 50ರಿಂದ 100 ಕಿಲೋಮೀಟರು ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿದು ನೋಡುವುದನ್ನೂ ಮರೆಯಬಾರದು.

“ಒಮ್ಮೆಗೇ ಎರಡು ಟೈರು ಕೊಳ್ಳಲು ಹಣವೆಲ್ಲಿ?” ಎಂದು ಲಾರಿಯ ಒಡೆಯನು ಕೇಳಿಯಾನು. ಪ್ರಶ್ನೆ ನ್ಯಾಯವಾದುದೇ. ಆದರೆ ನಾವು ಹೇಳುತ್ತಿರುವುದು ಹೆಚ್ಚು ಕೊಳ್ಳಿರೆಂದಲ್ಲ, ಇರುವ ಏಳನ್ನು ಅಳೆದು ಹೊಂದಿಸಿರೆಂದು. ಜೋಡಿ ತಪ್ಪಿಸಿ ಹೊಸ ಟೈರನ್ನು ಅಕಾಲದಲ್ಲಿ ಕಳೆದುಕೊಳ್ಳುವುದು ಉಳಿತಾಯವಲ್ಲ. ಅಳೆಯುವ ಟೇಪಿಗೆ ತಗಲುವ ವೆಚ್ಚ ಒಂದು ಪಂಕ್ಚರ್ ಹಾಕಿಸಿದಷ್ಟು.

ವಿದ್ಯಾರ್ಥಿ ಮಿತ್ರರೆ, ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀರಿ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹ ಲಾರಿ ನಿಂತಿದ್ದರೆ, ಒಡೆಯರ ಅಪ್ಪಣೆ ಪಡೆದು, ಸರಕು ಇಳಿಸಿ ಚಕ್ರ ಬಿಚ್ಚಿದ ದಿನ ಟೇಪು ಹಿಡಿದು ಹೋಗಿರಿ. ನೀವು ಸೀಮೆಸುಣ್ಣದಲ್ಲಿ ಬರೆದ ಏಳು ಅಂಕೆಗಳು ಒಬ್ಬ ಚಾಲಕನನ್ನೂ ಒಬ್ಬ ಕ್ಲೀನರನನ್ನೂ ಸುರಕ್ಷಿತವಾಗಿ ಮನೆಗೆ ಮುಟ್ಟಿಸಿದರೆ, ಆ ಪಾಠ ಸಾರ್ಥಕವಾಯಿತೆಂದು ತಿಳಿಯಿರಿ.